ಮುಟ್ಟದಿರುವ ವಿದ್ಯೆ

ನಮ್ಮ ಎಡಗೈಯ ಬೆರಳುಗಳು ಪೂರ್ತಿ ಚಾಚುವುದಿಲ್ಲ. ಕಥೆ ಓದಲು ಸಭೆಗೆ ಹೋದಾಗಲೂ ನಾವು ಆ ಕೈಯನ್ನು ಜುಬ್ಬಾದ ಜೇಬಿನಲ್ಲೇ ಇಟ್ಟುಕೊಳ್ಳುತ್ತೇವೆ. ಎಂಟನೇ ವಯಸ್ಸಿನಲ್ಲಿ ಹುಣಸೆ ಮರದಿಂದ ಬಿದ್ದು ಮೊಣಕೈ ಮುರಿದಾಗ ಕಟ್ಟು ಹಾಕಿದವರು ನಮ್ಮ ದಾದಾ. ಸುತ್ತಲಿನ ಹತ್ತು ಹಳ್ಳಿಗಳಿಗೆ ಅವರೇ ಮೂಳೆ ವೈದ್ಯರು. ಬಿದಿರಿನ ದಬ್ಬೆ, ಮೊಟ್ಟೆಯ ಲೋಳೆ, ಹಳೆ ಬಟ್ಟೆಯ ಪಟ್ಟಿ, ಇಷ್ಟೇ ಅವರ ಆಸ್ಪತ್ರೆ. ಯಾರಿಂದಲೂ ಕಾಸು ಪಡೆದವರಲ್ಲ.

ಆ ರಾತ್ರಿಯಿಡೀ ನಾವು ನೋವಿನಿಂದ ಕಿರುಚಿದೆವು. ಬೆರಳುಗಳು ತಣ್ಣಗಾಗಿ ನೀಲಿಗಟ್ಟಿದವು. “ಮೂಳೆ ಕೂಡುವಾಗ ಹಾಗೇ ಬೇಟಾ” ಎಂದರು ದಾದಾ. ಮೂರನೆಯ ದಿನ ಕಟ್ಟು ಬಿಚ್ಚುವಷ್ಟರಲ್ಲಿ ರಕ್ತ ಹರಿಯದೆ ಕೈಯ ಸ್ನಾಯುಗಳು ಸತ್ತಿದ್ದವು.

ಅಕ್ಕನ ಮಗ ಇಂಗ್ಲೆಂಡಿನಲ್ಲಿ ಆಸ್ಟಿಯೋಪಥಿ ಓದುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. “ದಾದಾನ ಕಸುಬಿಗೆ ಲಂಡನ್ ಸರ್ಟಿಫಿಕೇಟೇ?” ಆ ನಗುವಿನಲ್ಲಿ ಸ್ವಲ್ಪ ಸತ್ಯವೂ ಇತ್ತು. ಈ ಪದ್ಧತಿಯನ್ನು ಹುಟ್ಟುಹಾಕಿದ ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ ಕೂಡ ಒಂದು ಕಾಲಕ್ಕೆ ತಮ್ಮನ್ನು ಮೂಳೆ ಕೂರಿಸುವವನೆಂದೇ ಕರೆದುಕೊಂಡವರು. 1864ರಲ್ಲಿ ಮಿದುಳುಪೊರೆಯ ಜ್ವರಕ್ಕೆ ಮೂವರು ಮಕ್ಕಳನ್ನು ಕಳೆದುಕೊಂಡ ಅವರಿಗೆ ಅಂದಿನ ಔಷಧಗಳ ಮೇಲೆ ನಂಬಿಕೆ ಹೋಯಿತು. ಕೈಯನ್ನು ನಂಬಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು.

ಮುಂದೆ ದಾರಿ ಕವಲೊಡೆಯಿತು. ಅಮೆರಿಕದಲ್ಲಿ ಈ ಪದವಿ ಪಡೆದವರು ಇಂದು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರು. ಬ್ರಿಟನ್ನಿನಲ್ಲಿ ಹಾಗಲ್ಲ, ಅಲ್ಲಿ ಅವರದು ಮುಖ್ಯವಾಗಿ ಬೆನ್ನು, ಕುತ್ತಿಗೆ, ಕೀಲುಗಳಿಗೆ ಕೈಯಿಂದ ಮಾಡುವ ಚಿಕಿತ್ಸೆ. 1993ರ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಆಸ್ಟಿಯೋಪಥ್ ಎಂದು ಹೇಳಿಕೊಳ್ಳುವುದೇ ಅಪರಾಧ. ನಾಲ್ಕೈದು ವರ್ಷದ ಓದು, ಅದರಲ್ಲಿ ಹಿರಿಯರ ಕಣ್ಗಾವಲಿನಲ್ಲಿ ಸಾವಿರ ಗಂಟೆಯಷ್ಟು ರೋಗಿಗಳ ಸಹವಾಸ. ಮುಗಿದ ಮೇಲೂ ಹೆಚ್ಚಿನವರಿಗೆ ಸಂಬಳದ ನೌಕರಿಯಿಲ್ಲ. ಕೋಣೆ ಬಾಡಿಗೆ ಹಿಡಿದು ರೋಗಿಗಳಿಗೆ ಕಾಯಬೇಕು. ಮೂರು ವರ್ಷಕ್ಕೆ 90 ಗಂಟೆಯಂತೆ ಮತ್ತೆ ಕಲಿಯುತ್ತಲೇ ಇರಬೇಕು.

ಹುಡುಗ ಕಳೆದ ವರ್ಷ ರಜೆಗೆ ಬಂದಾಗ ನಮ್ಮ ಜಗಲಿಯಲ್ಲಿ ಸೊಂಟ ಹಿಡಿದುಕೊಂಡವರ ಸಾಲೇ ನಿಂತಿತು. ಗಾರೆ ಕೆಲಸದ ಮುದುಕರೊಬ್ಬರನ್ನು ಮಲಗಿಸಿ, ಮುಟ್ಟುವ ಮೊದಲು ಕಿವಿಯಲ್ಲಿ ಏನೋ ಕೇಳಿದ. ಮೂತ್ರ ಕಟ್ಟಿದೆಯೇ? ತೊಡೆಸಂದಿ ಮರಗಟ್ಟಿದೆಯೇ? ಅವರು ನಾಚುತ್ತ ತಲೆಯಾಡಿಸಿದರು. ಹುಡುಗ ಕೈ ಹಿಂದೆಗೆದುಕೊಂಡು ಆಟೋ ಕರೆಸಿದ. ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಹೋಗಿರಬಹುದು, ತಡಮಾಡಿದರೆ ಕಾಲುಗಳೇ ಹೋಗಬಹುದು, ಇಂದೇ ದೊಡ್ಡಾಸ್ಪತ್ರೆಗೆ ಹೋಗಲಿ ಎಂದ.

ನೆರೆಯವರಿಗೆ ನಿರಾಶೆ. “ಐದು ವರ್ಷ ಓದಿ ಕಲಿತದ್ದು ಇದೇನಾ? ದಾದಾ ಇದ್ದಿದ್ದರೆ ಒಂದೇ ಏಟಿಗೆ ಲಟಕ್ಕೆನಿಸುತ್ತಿದ್ದರು.”

ರಾತ್ರಿ ಊಟಕ್ಕೆ ಕುಳಿತಾಗ ಹುಡುಗ ಹೇಳಿದ: “ಮಾಮು, ಸೊಂಟನೋವಿಗೆ ಈ ವಿದ್ಯೆಯಿಂದ ಉಪಯೋಗವುಂಟು. ಎಲ್ಲ ರೋಗಕ್ಕೂ ಇದೇ ಮದ್ದು ಎನ್ನುವವರೂ ಇದ್ದಾರೆ, ಅದಕ್ಕೆ ಆಧಾರವಿಲ್ಲ. ನಮಗೆ ಮೊದಲು ಕಲಿಸುವುದೇ ಯಾರನ್ನು ಮುಟ್ಟಬಾರದು ಎಂದು.”

ನಾವು ಮಾತಾಡಲಿಲ್ಲ. ನಮ್ಮ ಕೈ ಕಟ್ಟಿದ ಮೇಲೆ ದಾದಾ ಮೊಣಕೈ ಮುರಿದ ಮಕ್ಕಳನ್ನು ಮುಟ್ಟಲಿಲ್ಲ. ತಾವೇ ಬಸ್ ಚಾರ್ಜು ಕೊಟ್ಟು ಪಟ್ಟಣಕ್ಕೆ ಕಳಿಸುತ್ತಿದ್ದರು. ಅವರೂ ಅದೇ ಪಾಠ ಕಲಿತರು. ಫೀಸು ಕಟ್ಟಿದ್ದು ಮಾತ್ರ ನಮ್ಮ ಕೈ. ಅವರ ಬೆರಳುಗಳಲ್ಲಿ ವಿದ್ಯೆಗೇನೂ ಕೊರತೆಯಿರಲಿಲ್ಲ. “ಇಲ್ಲಿ ನಿಲ್ಲಿಸು” ಎಂದು ಹೇಳಿಕೊಡುವ ಉಸ್ತಾದರು ಅವರಿಗೆ ಸಿಕ್ಕಿರಲಿಲ್ಲ, ಅಷ್ಟೇ.