ಫೋಟೋ ಯಾಕೆ ಡಿಲೀಟ್ ಮಾಡಿದೆ ಅಂತ ಕೇಳಿದವರಿಗೆ



ಜೂನ್‌ನಲ್ಲಿ ನಾನು ಹಾಕಿದ್ದ ಒಂದು ಪೋಸ್ಟನ್ನು ನಿಮ್ಮಲ್ಲಿ ತುಂಬಾ ಜನ ಶೇರ್ ಮಾಡಿದ್ರಿ. ಶಾಲೆಯ ನೆಲದ ಮೇಲೆ ಕೂತಿದ್ದ ಒಂದು ಹೆಣ್ಣುಮಗುವಿನ ಫೋಟೋ, ಕೆಳಗೆ ನಮ್ಮ ಫೋನ್‌ಪೇ ನಂಬರು. ಹತ್ತು ದಿನ ಆದ್ಮೇಲೆ ಆ ಪೋಸ್ಟು ಇರಲಿಲ್ಲ. "ಯಾರಾದ್ರೂ ಬೆದರಿಕೆ ಹಾಕಿದ್ರಾ ಅಣ್ಣ?" "ದುಡ್ಡಿನ ವಿಚಾರದಲ್ಲಿ ಏನಾದ್ರೂ ಎಡವಟ್ಟಾಯ್ತಾ?" ಅಂತ ಇನ್‌ಬಾಕ್ಸ್‌ನಲ್ಲಿ ಕೇಳಿದವರು ಬಹಳ. ಬೆದರಿಕೆ ಯಾರೂ ಹಾಕಿಲ್ಲ. ಲೆಕ್ಕ ಸರಿಯಾಗಿದೆ, ಕೊನೆಯಲ್ಲಿ ಕೊಟ್ಟಿದ್ದೀನಿ. ತಪ್ಪು ನನ್ನದೇ. ಅದನ್ನ ಹೇಳೋಕೆ ಎರಡು ತಿಂಗಳು ಬೇಕಾಯ್ತು.

ಮೊದಲಿಂದ ಹೇಳ್ತೀನಿ.

ಅರಕಲಗೂಡು ತಾಲ್ಲೂಕಿನ ಒಂದು ಸಣ್ಣ ಹಟ್ಟಿ. ಊರ ಹೆಸರು ಬೇಡ ಅಂತ ಅಲ್ಲಿಯವರೇ ಹೇಳಿದ್ದಾರೆ. ಮಕ್ಕಳು ಕಮ್ಮಿ ಅಂತ ಅಲ್ಲಿದ್ದ ಕಿರಿಯ ಪ್ರಾಥಮಿಕ ಶಾಲೆ ಬಾಗಿಲು ಹಾಕ್ತು. ಉಳಿದ ಏಳು ಮಕ್ಕಳು ಮೂರು ಕಿಲೋಮೀಟರ್ ಆಚೆಯ ಊರಿನ ಸರ್ಕಾರಿ ಶಾಲೆಗೆ ಸೇರಿದವು. ದಾರೀಲಿ ಕೆರೆ ಏರಿ, ಆಮೇಲೆ ಹೊಗೆಸೊಪ್ಪಿನ ಹೊಲ, ಆಮೇಲೆ ಲಾರಿ ಓಡಾಡೋ ರೋಡು. ಒಂದನೇ ಕ್ಲಾಸಿನ ಮಗು ಒಂದೇ ಹೋಗೋ ದಾರಿ ಅಲ್ಲ. ಮಳೆ ಹಿಡಿದ ದಿನ ಏಳರಲ್ಲಿ ಐದು ಮಕ್ಕಳು ಮನೇಲೇ ಉಳೀತಿದ್ವು. ಏಳೂ ನಮ್ಮ ಕೇರಿಯ ಮಕ್ಕಳು.

ನಾವು ಐದು ಜನ ಗೆಳೆಯರು. ನಾನು ಹಾಸನದಲ್ಲಿ ಆಫೀಸ್ ಗುಮಾಸ್ತ, ಊರು ಹೊಳೆನರಸೀಪುರ ಕಡೆ. ಚನ್ನರಾಯಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರೋ ಒಬ್ಬ, ಅರಕಲಗೂಡಲ್ಲಿ ಅತಿಥಿ ಶಿಕ್ಷಕ ಒಬ್ಬ, ಇನ್ನಿಬ್ಬರು ಸಂಘಟನೆಯ ಹಳೇ ಹುಡುಗರು. ಒಂದು ಆಟೋ ಗೊತ್ತು ಮಾಡೋಣ ಅಂತ ತೀರ್ಮಾನ ಮಾಡಿದ್ವಿ. ತಿಂಗಳಿಗೆ 4,500 ರೂಪಾಯಿ, ಜುಲೈಯಿಂದ ಮಾರ್ಚ್‌ವರೆಗೆ ಒಂಬತ್ತು ತಿಂಗಳು, 40,500. ಶಾಲೆಗೆ ಒಂದು ಬೀರು, ಕತೆ ಪುಸ್ತಕ ಅಂತ 15,000. ಒಟ್ಟು 55,500 ಎತ್ತಬೇಕು. ರಸೀದಿ ಪುಸ್ತಕ ಮಾಡಿಸಿದ್ವಿ.

ಅದೇ ವಾರ ನಮ್ಮ ಸೆಕ್ಷನ್‌ನಲ್ಲಿ ಒಬ್ಬರು ಮೊಬೈಲ್ ತೋರಿಸಿದರು. ವಿದೇಶದಲ್ಲಿರೋ ಅವರ ಮಗ, ಅವನ ಜೊತೆಯ ಹುಡುಗರು ಸೇರಿಕೊಂಡು ಕೀನ್ಯಾದ ಒಂದು ಹಳ್ಳಿ ಶಾಲೆಗೆ ಚಂದಾ ಎತ್ತುತ್ತಿದ್ದರಂತೆ. ಮರದ ಕೆಳಗೆ ಕೂತ ಮಕ್ಕಳು, ಧೂಳು, ಬರಿಗಾಲು. "ಅಯ್ಯೋ ಪಾಪ" ಅಂದ್ರು ಎಲ್ಲರೂ. ತಲಾ ಐನೂರು ಕೊಟ್ರು. ನಾನೂ ಕೊಟ್ಟೆ. ಅದರ ಬಗ್ಗೆ ನನಗೆ ಬೇಜಾರಿಲ್ಲ. ಆ ಮಕ್ಕಳೂ ನಮ್ಮ ಮಕ್ಕಳೇ.

ಮುಂದಿನ ವಾರ ನಾನು ನಮ್ಮ ರಸೀದಿ ಪುಸ್ತಕ ಹಿಡ್ಕೊಂಡು ಅದೇ ಟೇಬಲ್‌ಗಳ ಹತ್ರ ಹೋದೆ.

"ಯಾವ ಊರು?"

ಹೇಳಿದೆ.

"ಯಾರ ಮಕ್ಕಳು?"

ಹೇಳಿದೆ.

"ಅವರಿಗೆ ಸರ್ಕಾರ ಎಲ್ಲಾ ಕೊಡ್ತದಲ್ರೀ. ಊಟ, ಬಟ್ಟೆ, ಶೂ, ಸ್ಕಾಲರ್‌ಶಿಪ್ಪು. ಇನ್ನೇನು ಬೇಕು?"

ಕೊಟ್ಟಿದ್ದು ಐವತ್ತು, ನೂರು. ಇಬ್ಬರು "ಒಂದನೇ ತಾರೀಕು ಬಾ" ಅಂದ್ರು. ಸಮುದ್ರ ದಾಟೋ ಕರುಣೆ ಕೆರೆ ಏರಿ ದಾಟೋಲ್ಲ. ದೂರದ ಮಗುವಿನ ಜಾತಿ ಇವರಿಗೆ ಗೊತ್ತಿಲ್ಲ, ಹತ್ತಿರದ ಮಗುವಿನದ್ದು ಗೊತ್ತು. ಅಷ್ಟೇ ವ್ಯತ್ಯಾಸ. ಆವತ್ತು ಮನೆಗೆ ಬಂದು ಇದನ್ನೇ ಹೆಂಡತಿ ಹತ್ರ ಹೇಳಿ ಹೇಳಿ ಉರಿದುಕೊಂಡೆ.

ಆದ್ರೆ ಗೆಳೆಯರೇ, ಆ ಸಿಟ್ಟಿನಿಂದ ನಾನು ಕಲಿತ ಪಾಠ ಏನು ಗೊತ್ತಾ? ಬರಿಗಾಲಿಗೆ ದುಡ್ಡು ಬರ್ತದೆ ಅನ್ನೋದು!

ಜೂನ್ ಎರಡನೇ ಶನಿವಾರ ನಮಗೆ ರಜೆ, ಶಾಲೆ ಬೆಳಗ್ಗೆ ಇರ್ತದೆ. ಹೋದೆ. ಗೋಡೆಗೆ ಒರಗಿ ಕೂತಿದ್ದ ಎರಡನೇ ಕ್ಲಾಸಿನ ಹುಡುಗಿ. ಕೆದರಿದ ತಲೆ, ಬರಿಗಾಲು, ಕಿಟಕಿಯಿಂದ ಮುಖಕ್ಕೆ ಬೆಳಕು. ಕ್ಲಿಕ್ ಮಾಡಿದೆ. "ಬರಿಗಾಲಲ್ಲಿ ದಿನಾ ಆರು ಕಿಲೋಮೀಟರ್ ನಡೆಯುವ ಈ ಮಗುವಿನ ಕಣ್ಣಲ್ಲಿ ಒಂದು ಕನಸಿದೆ" ಅಂತ ಬರೆದೆ. ಆ ಮಗು ಹತ್ರ ಕನಸು ಏನು ಅಂತ ನಾನು ಕೇಳಿರಲಿಲ್ಲ. ಹೆಸರನ್ನೂ ಸರಿಯಾಗಿ ಕೇಳಿರಲಿಲ್ಲ.

ಮೂರೇ ದಿನಕ್ಕೆ 41 ಜನರಿಂದ 38,000 ರೂಪಾಯಿ ಬಂತು. ಆಫೀಸಿನಲ್ಲಿ ಐವತ್ತು ಕೊಟ್ಟಿದ್ದವರೇ "ಪಾಪ ಕಣ್ರೀ" ಅಂತ ಸಾವಿರ ಹಾಕಿದ್ರು. ನನಗೆ ಗೆದ್ದಷ್ಟು ಖುಷಿ.

ಒಂದು ವಾರ ಕಳೆದ ಮೇಲೆ ಆಟೋ ಮಾತಾಡೋಕೆ ಹಟ್ಟಿಗೆ ಹೋದಾಗ ಆ ಮಗುವಿನ ತಾಯಿ ಕಾಯ್ತಾ ನಿಂತಿದ್ರು. ಶುಂಠಿ ಹೊಲದ ಕೂಲಿಗೆ ಹೋಗೋ ಅಕ್ಕ. ಹೊಲದಲ್ಲಿ ಯಾರೋ ಮೊಬೈಲ್‌ನಲ್ಲಿ ಫೋಟೋ ತೋರಿಸಿದ್ರಂತೆ. ಜಗಳ ಆಡಲಿಲ್ಲ. ಮೆತ್ತಗೇ ಕೇಳಿದ್ರು.

"ಅಣ್ಣಾ, ನನ್ ಮಗಳಿಗೆ ಬರಿಗಾಲು ಅಂತ ಬರ್ದಿದ್ದೀರಂತೆ?"

ನಾನು ಏನೋ ತೊದಲಿದೆ.

"ಅದಕ್ಕೆ ಚಪ್ಲಿ ಅದೆ ಕಣಣ್ಣ. ಸಂತೇಲಿ ನೂರೆಂಬತ್ತು ರೂಪಾಯಿ ಕೊಟ್ಟು ತಂದಿವ್ನಿ. ಬಾಗ್ಲಾಚೆ ಬುಟ್ಟಿತ್ತು ಮಗ. ಒಳಕ್ಕೆ ಹಾಕ್ಕೊಂಡೋದ್ರೆ ಮೇಷ್ಟ್ರು ಬೈಯಾಕಿಲ್ವಾ? ನೀವೂ ಬುಟ್ಟೇ ಒಳಿಕ್ಕೋಗಿದ್ರಿ. ನಿಮಗೂ ಬರಿಗಾಲು ಅಂತ ಬರ್ಕೊಂಡ್ರಾ?"

ನನ್ನ ಹತ್ರ ಉತ್ತರ ಇರಲಿಲ್ಲ.

"ಹೊಲದಾಗೆ ಎಲ್ಲಾರೂ ನಗಾಡಿದ್ರು. ಮಗೀಗೆ ಒಂದ್ ಜೊತೆ ಚಪ್ಲಿ ಕೊಡ್ಸಕ್ಕಾಗ್ದೋಳು ಅಂದ್ರು. ಆಟೋ ಬೇಕು ಕಣಣ್ಣ, ಬ್ಯಾಡ ಅನ್ನಾಕಿಲ್ಲ. ಆದ್ರೆ ಇಂಗ್ ಬ್ಯಾಡ."

ನನ್ನ ಅಪ್ಪ ಮೇಲಿನ ಬೀದಿಯಲ್ಲಿ ಹೋಗುವಾಗ ಚಪ್ಪಲಿಯನ್ನ ಕೈಯಲ್ಲಿ ಹಿಡ್ಕೊಂಡು ಹೋಗ್ತಿದ್ದ. ನಾನು ಸಣ್ಣವನಿದ್ದಾಗ ಕಣ್ಣಾರೆ ಕಂಡಿದ್ದೀನಿ. ಪ್ರತಿ ಏಪ್ರಿಲ್ 14ಕ್ಕೆ ಇದನ್ನ ವೇದಿಕೆ ಮೇಲೆ ಹೇಳ್ತೀನಿ, ಜನ ಚಪ್ಪಾಳೆ ಹೊಡೀತಾರೆ. ಅಪ್ಪನ ಕಾಲಿನ ಚಪ್ಪಲಿ ಬಿಚ್ಚಿಸಿದವರು ಬೇರೆಯವರು. ಈ ಮಗುವಿನ ಕಾಲಿನ ಚಪ್ಪಲಿ ಕಿತ್ತವನು ನಾನು. ಅದೂ ಬಾಬಾಸಾಹೇಬರ ಹೆಸರು ಹೇಳ್ಕೊಂಡು.

ಆ ರಾತ್ರಿಯೇ ಪೋಸ್ಟ್ ತೆಗೆದೆ. 41 ಜನಕ್ಕೂ ಒಬ್ಬೊಬ್ಬರಿಗೇ ಮೆಸೇಜ್ ಹಾಕಿದೆ: ಮಗುವಿಗೆ ಚಪ್ಪಲಿ ಇದೆ, ನಾನು ಬರೆದದ್ದು ಸುಳ್ಳು, ಆಟೋ ಬೇಕಿರೋದು ನಿಜ, ದುಡ್ಡು ವಾಪಸ್ ಬೇಕಂದ್ರೆ ಕೊಡ್ತೀನಿ. ಆರು ಜನ ವಾಪಸ್ ತಗೊಂಡ್ರು, 5,500. ಒಬ್ಬರು "ನಿಮಗೆ ಒಳ್ಳೇದು ಮಾಡೋಕೂ ಬಿಡಲ್ಲ ಕಣ್ರೀ ನೀವು" ಅಂತ ಬೈದ್ರು. ಮಿಕ್ಕ 35 ಜನ ಇರಲಿ ಅಂದ್ರು. ಅವರಿಗೆ ಶರಣು.

ಆಮೇಲೆ ನಾನು ಕೀನ್ಯಾದ ಬಗ್ಗೆ ಓದಿದೆ. ಆಫೀಸಿನಲ್ಲಿ ನೋಡಿದ ಆ ವಿಡಿಯೋ ತಲೆಯಿಂದ ಹೋಗಿರಲಿಲ್ಲ. 1963ರಲ್ಲಿ ಸ್ವಾತಂತ್ರ್ಯ ಬಂದಾಗ ಆ ದೇಶದಲ್ಲಿ ಒಂದು ಕೂಗು ಎದ್ದಿತು, "ಹರಾಂಬೆ". ಸ್ವಾಹಿಲಿ ಭಾಷೆಯಲ್ಲಿ ಎಲ್ಲರೂ ಸೇರಿ ಎಳೆಯೋಣ ಅಂತ ಅರ್ಥ. ನಮ್ಮವರು ಭಾರ ಎಳೆಯುವಾಗ ಐಸಾ ಅಂತಾರಲ್ಲ, ಹಾಗೆ. ಸರ್ಕಾರ ಕಟ್ಟೋವರೆಗೆ ಕಾಯದೆ ಹಳ್ಳಿಯವರೇ ಕಾಸು ಕೂಡಿಸಿ, ಕಲ್ಲು ಹೊತ್ತು, ಸಾವಿರಾರು ಮಕ್ಕಳಿಗೆ ಹೈಸ್ಕೂಲು ಕಟ್ಟಿಕೊಂಡ್ರು. ಅವಕ್ಕೆ ಹರಾಂಬೆ ಶಾಲೆ ಅಂತಲೇ ಹೆಸರು. 2003ರಲ್ಲಿ ಅಲ್ಲಿ ಪ್ರಾಥಮಿಕ ಶಿಕ್ಷಣ ಉಚಿತ ಆಯ್ತು. ಮುಂದಿನ ವರ್ಷ ಕಿಮಾನಿ ಮರುಗೆ ಅನ್ನೋ 84 ವರ್ಷದ ಅಜ್ಜ, ಬ್ರಿಟಿಷರ ವಿರುದ್ಧ ಹೋರಾಡಿದ್ದವನು, ಒಂದನೇ ಕ್ಲಾಸಿಗೆ ಸೇರಿದ. ಇಂಥ ಜನರ ದೇಶವನ್ನ ನಾವು ಆಫೀಸಿನಲ್ಲಿ ಒಂದು ಬರಿಗಾಲಿನ ವಿಡಿಯೋದಲ್ಲಿ ನೋಡಿ ಪಾಪ ಅಂದ್ವಿ. ಆ ವಿಡಿಯೋದಲ್ಲಿದ್ದ ಮಗುವಿನ ಚಪ್ಪಲಿಯೂ ಮರದಾಚೆ ಎಲ್ಲೋ ಇತ್ತೇನೋ! ಅದರ ತಾಯಿಯನ್ನ ಯಾರಾದ್ರೂ ಕೇಳಿದ್ರಾ?

ಕೊಡೋದು ತಪ್ಪಲ್ಲ, ತಗೊಳ್ಳೋದೂ ತಪ್ಪಲ್ಲ. ಬಾಬಾಸಾಹೇಬರು 1913ರಲ್ಲಿ ಅಮೆರಿಕಾಕ್ಕೆ ಹೋಗಿದ್ದು ಬರೋಡಾದ ಸಯಾಜಿರಾವ್ ಗಾಯಕವಾಡರ ದುಡ್ಡಲ್ಲಿ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಅದಕ್ಕೆ ಓದು ಮುಗಿಸಿ ಬಂದು ಸಂಸ್ಥಾನದಲ್ಲಿ ಹತ್ತು ವರ್ಷ ಕೆಲಸ ಮಾಡ್ತೀನಿ ಅಂತ ಕರಾರಿತ್ತು. ಅದು ಇಬ್ಬರು ಎದುರುಬದುರು ಕೂತು ಮಾಡಿಕೊಂಡ ಒಪ್ಪಂದ, ಭಿಕ್ಷೆ ಅಲ್ಲ. ಮಂಗಳೂರಲ್ಲಿ ಕಿತ್ತಳೆ ಹಣ್ಣು ಮಾರ್ತಿದ್ದ ಹರೇಕಳ ಹಾಜಬ್ಬ ತಮ್ಮ ಊರು ನ್ಯೂಪಡ್ಪುವಿಗೆ ಶಾಲೆ ತಂದದ್ದು ಮೊದಲು ಸ್ವಂತ ಬುಟ್ಟಿಯ ಕಾಸಿನಿಂದ. ಆಮೇಲೆ ಆಫೀಸು ಆಫೀಸು ತಿರುಗಿದ್ರು. ಮಕ್ಕಳ ಮಾನ ಮಾರಲಿಲ್ಲ. ಪದ್ಮಶ್ರೀ ಅವರ ಬಾಗಿಲಿಗೇ ಬಂತು.

ಇನ್ನೊಂದು ಮಾತು, ಇದು ನಮ್ಮ ಸಂಘಟನೆಯ ಗೆಳೆಯರಿಗೆ. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ನಮ್ಮ ಜನ ದೇವಸ್ಥಾನದೊಳಗೆ ಕಾಲಿಟ್ಟಾಗ ಎಷ್ಟು ಸಂಭ್ರಮ ಪಟ್ವಿ. ಪಡಬೇಕಾದ್ದೇ. ಆದ್ರೆ ಕೇರಿಯ ಶಾಲೆ ಬಾಗಿಲು ಹಾಕಿದ ದಿನ ನಮ್ಮಲ್ಲಿ ಎಷ್ಟು ಜನ ಅಲ್ಲಿದ್ವಿ? ನಾನಂತೂ ಇರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿ ಆದದ್ದು 2010ರ ಏಪ್ರಿಲ್ 1ಕ್ಕೆ. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಇಲ್ಲದ ಸಣ್ಣ ಊರಿನ ಮಕ್ಕಳಿಗೆ ಉಚಿತ ವಾಹನದಂಥ ವ್ಯವಸ್ಥೆ ಆಗಬೇಕು. ಆಟೋ ಅನ್ನೋದು ಆ ಏಳು ಮಕ್ಕಳ ಹಕ್ಕು. ನಾವು ಎತ್ತುತ್ತಿರೋದು ಹಕ್ಕು ಕೈಗೆ ಸಿಗೋವರೆಗಿನ ಕೈಸಾಲ ಅಷ್ಟೇ. ಜುಲೈನಲ್ಲಿ ಎಸ್‌ಡಿಎಂಸಿ ಸಭೆ ಮಾಡಿಸಿ, ಠರಾವು ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಟ್ಟಿದ್ದೀವಿ. ಮೊದಲ ಸಹಿ ಆ ಅಕ್ಕನದ್ದು. ಅರ್ಜಿ ಬರೆದವನು ನಾನು. ಇಪ್ಪತ್ತು ವರ್ಷ ಬೇರೆಯವರ ಫೈಲಿಗೆ ಟಿಪ್ಪಣಿ ಬರೆದ ಕೈ, ಇದನ್ನಾದ್ರೂ ನೆಟ್ಟಗೆ ಬರೆದಿದೆ. ಸ್ವೀಕೃತಿ ಮುದ್ರೆ ಇರೋ ಪ್ರತಿ ನಮ್ಮ ಹತ್ರ ಇದೆ.

ಆ ಮಗುವಿಗೂ ತಪ್ಪಾಯ್ತು ಕಂದಾ ಅಂದೆ. ಅದಕ್ಕೆ ಏನೂ ಅರ್ಥ ಆಗಲಿಲ್ಲ. ಓಡಿ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು, "ಮಾಮಾ, ಈಗ ತೆಗೀರಿ" ಅಂತು. ತೆಗೆದೆ. ಆ ಫೋಟೋ ಅವರಮ್ಮನಿಗೆ ಮಾತ್ರ ಕಳಿಸಿದ್ದೀನಿ. ಇಲ್ಲಿ ಹಾಕೋಲ್ಲ. ಈ ಬರಹವನ್ನೂ ಹಾಕೋ ಮೊದಲು ಅಕ್ಕನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದ್ದೀನಿ.

ಈಗ ಲೆಕ್ಕ.

ಮೊದಲ ಪೋಸ್ಟಿನಿಂದ ಬಂದು ಉಳಿದದ್ದು 32,500. ಹಟ್ಟಿಯ ಸ್ತ್ರೀಶಕ್ತಿ ಸಂಘದವರು 2,000. ಕೂಲಿಗೆ ಹೋಗೋರು, ಆಟೋದವರು, ಆಫೀಸಿನ ಗೆಳೆಯರು ರಸೀದಿ ಹರಿಸಿಕೊಂಡು ಕೊಟ್ಟದ್ದು 3,400. ಫೋಟೋ ಇಲ್ಲದೆ ಹಾಕಿದ ಎರಡನೇ ಪೋಸ್ಟಿಗೆ 4,600. ನಾವು ಐವರು ತಲಾ ಸಾವಿರ, 5,000. ಒಟ್ಟು 47,500.

ಖರ್ಚು: ಜುಲೈ, ಆಗಸ್ಟ್ ಆಟೋ 9,000. ಬೀರು, ಪುಸ್ತಕ 11,200. ಕೈಯಲ್ಲಿ ಉಳಿದದ್ದು 27,300. ಸೆಪ್ಟೆಂಬರಿಂದ ಮಾರ್ಚ್‌ವರೆಗೆ ಆಟೋಗೆ ಬೇಕಾದ್ದು 31,500. ಕೊರತೆ 4,200 ರೂಪಾಯಿ.

ಈ ಎರಡು ತಿಂಗಳಲ್ಲಿ ಮಳೆ ಅಂತ ಒಂದು ಮಗುವೂ ಶಾಲೆ ತಪ್ಪಿಸಿಲ್ಲ. ಆಟೋ ಓಡಿಸೋನೂ ನಮ್ಮವನೇ, ಒಂದು ದಿನ ಲೇಟ್ ಮಾಡಿಲ್ಲ.

4,200ರಲ್ಲಿ ಕೈಲಾದಷ್ಟು ಕೊಡೋರು ನನಗೆ ಮೆಸೇಜ್ ಮಾಡಿ, ರಸೀದಿ ಕಳಿಸ್ತೀನಿ. ಅದು ತುಂಬಿದ ದಿನ ಇಲ್ಲೇ ಹೇಳ್ತೀನಿ, ಆಮೇಲೆ ಒಂದು ರೂಪಾಯಿನೂ ಹಾಕಬೇಡಿ. ದುಡ್ಡು ಇಲ್ಲದವರು ಅರ್ಜಿ ಬೆನ್ನು ಹತ್ತೋಕೆ ಬನ್ನಿ. ಅರಕಲಗೂಡು ಬಸ್‌ಸ್ಟ್ಯಾಂಡಿನಲ್ಲಿ, ಬರೋ ಎರಡನೇ ಶನಿವಾರ, ಬೆಳಗ್ಗೆ ಹತ್ತು ಗಂಟೆಗೆ ಸಿಗ್ತೀವಿ.

ಜೈ ಭೀಮ್.