ಹಡಗಿನ ಸಂದು ಮುಚ್ಚಿದ ಕೈಗಳು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಬಾಲ್ಟಿಮೋರ್ ಎಂಬ ಬಂದರು ನಗರವಿದೆ. ಅಲ್ಲಿನ ಫೆಲ್ಸ್ ಪಾಯಿಂಟ್ ಎಂಬ ಹಳೆಯ ಬಡಾವಣೆಯಲ್ಲಿ ಕಲ್ಲು ಹಾಸಿದ ಬೀದಿಗಳು ನೀರಿನಂಚಿಗೆ ಹೋಗಿ ನಿಲ್ಲುತ್ತವೆ. ಆ ಅಂಚಿನ ಹಳೆಯ ಇಟ್ಟಿಗೆ ಕಟ್ಟಡವೊಂದರಲ್ಲಿ ನಾನು ನೋಡಿದ್ದು ‘ಫ್ರೆಡರಿಕ್ ಡಗ್ಲಾಸ್–ಐಸಾಕ್ ಮೈಯರ್ಸ್’ ವಸ್ತುಸಂಗ್ರಹಾಲಯ. ಇಲ್ಲಿ ರಾಜರಿಲ್ಲ, ಸೇನಾಪತಿಗಳಿಲ್ಲ. ಹಡಗುಕಟ್ಟೆಯಲ್ಲಿ ದುಡಿದ ಕಪ್ಪು ಜನರ ಕಥೆಯಿದೆ.

ಆಗ ಹಡಗುಗಳನ್ನು ಮರದಿಂದ ಕಟ್ಟುತ್ತಿದ್ದರು. ಹಲಗೆಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ನಡುವೆ ಸಂದು ಉಳಿಯುತ್ತದಲ್ಲ? ಅದರೊಳಗೆ ನಾರನ್ನು ಉಳಿಯಿಂದ ಬಡಿದು ತುಂಬಿ, ಮೇಲೆ ಬಿಸಿ ರಾಳ ಸುರಿಯಬೇಕು. ಈ ಕೆಲಸಕ್ಕೆ ಕಾಲ್ಕಿಂಗ್ ಎಂದು ಹೆಸರು. ಒಂದು ಸಂದು ತಪ್ಪಿದರೂ ನೀರು ಒಳಗೆ ಬರುತ್ತದೆ. ಬಾಲ್ಟಿಮೋರಿನಲ್ಲಿ ಈ ಕೆಲಸದ ನಿಪುಣರಲ್ಲಿ ಬಹಳಷ್ಟು ಮಂದಿ ಕಪ್ಪು ಜನರೇ.

ಫ್ರೆಡರಿಕ್ ಡಗ್ಲಾಸ್ ಅವರಲ್ಲೊಬ್ಬ. ಹುಟ್ಟಿನಿಂದ ಗುಲಾಮ. ಮರದ ತುಂಡು ಹಡಗಿನ ಯಾವ ಭಾಗಕ್ಕೆ ಎಂದು ಬಡಗಿಗಳು ಅದರ ಮೇಲೆ ಅಕ್ಷರ ಬರೆದಿಡುತ್ತಿದ್ದರು. ಎಡಗಡೆಗೆ ‘ಎಲ್’, ಬಲಗಡೆಗೆ ‘ಎಸ್’. ಹುಡುಗ ಅವನ್ನೇ ನೋಡಿ ಬರೆಯಲು ಕಲಿತ! ದೊಡ್ಡವನಾದ ಮೇಲೆ ಕಾಲ್ಕಿಂಗ್ ಮಾಡಿ ದುಡಿದರೂ ಸಂಬಳ ಯಜಮಾನನ ಜೇಬಿಗೇ ಹೋಗುತ್ತಿತ್ತು. 1838ರ ಸೆಪ್ಟೆಂಬರ್ 3ರಂದು ನಾವಿಕನ ವೇಷ ತೊಟ್ಟು, ಸ್ವತಂತ್ರ ಕಪ್ಪು ನಾವಿಕನೊಬ್ಬನ ಗುರುತುಪತ್ರ ಹಿಡಿದು, ರೈಲು ಹತ್ತಿ ತಪ್ಪಿಸಿಕೊಂಡ. ಮುಂದೆ ಗುಲಾಮಗಿರಿಯ ವಿರುದ್ಧ ದೇಶವೇ ಕೇಳುವಂಥ ಭಾಷಣಕಾರನಾದ.

ಐಸಾಕ್ ಮೈಯರ್ಸ್ ಹುಟ್ಟಿದ್ದು 1835ರಲ್ಲಿ, ಇದೇ ಊರಿನಲ್ಲಿ, ಸ್ವತಂತ್ರ ತಂದೆತಾಯಿಗೆ. ಕಪ್ಪು ಮಕ್ಕಳಿಗೆ ಸರ್ಕಾರಿ ಶಾಲೆ ಇರಲಿಲ್ಲ. 16ನೇ ವಯಸ್ಸಿಗೆ ಕಾಲ್ಕಿಂಗ್ ಕಲಿಯಲು ಸೇರಿದ.

ಮೇರಿಲ್ಯಾಂಡ್‌ನಲ್ಲಿ 1864ರಲ್ಲಿ ಗುಲಾಮಗಿರಿ ರದ್ದಾಯಿತು. ಮರುವರ್ಷವೇ ಬಿಳಿಯ ಕೆಲಸಗಾರರು, ಕಪ್ಪು ಜನರನ್ನು ಹೊರಗೆ ಹಾಕಿ ಎಂದು ಮುಷ್ಕರ ಹೂಡಿದರು. ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಬೇಡಿ ಬಾಗಿಲು ತಟ್ಟುವ ಬದಲು ನಮ್ಮದೇ ಹಡಗುಕಟ್ಟೆ ಏಕಾಗಬಾರದು? ಮೈಯರ್ಸ್ ಮತ್ತು ಸಂಗಡಿಗರು 5 ಡಾಲರಿಗೊಂದರಂತೆ ಷೇರು ಮಾರಿದರು. ಹನಿಗೂಡಿ 10,000 ಡಾಲರ್ ಆಯಿತು. ಉಳಿದದ್ದಕ್ಕೆ ಸಾಲ ತಂದರು.

ಹೀಗೆ 1866ರಲ್ಲಿ ‘ಚೆಸಪೀಕ್ ಮರೀನ್ ರೈಲ್ವೇ ಅಂಡ್ ಡ್ರೈ ಡಾಕ್ ಕಂಪನಿ’ ಶುರುವಾಯಿತು. ಹೆಸರಿನಲ್ಲಿ ರೈಲ್ವೇ ಇದ್ದರೂ ಓಡುತ್ತಿದ್ದುದು ರೈಲಲ್ಲ! ದಡದಿಂದ ನೀರಿನೊಳಕ್ಕೆ ಇಳಿಜಾರಾಗಿ ಹಾಸಿದ ಹಳಿಯ ಮೇಲೆ ತೊಟ್ಟಿಲಿನಂಥ ಬಂಡಿ. ಹಡಗನ್ನು ಅದರ ಮೇಲೆ ಕೂರಿಸಿ, ಎಳೆದು, ಒಣನೆಲದಲ್ಲಿ ರಿಪೇರಿ ಮಾಡುತ್ತಿದ್ದರು. ಸುಮಾರು 300 ಕಪ್ಪು ಕೆಲಸಗಾರರಿಗೆ ಅಲ್ಲಿ ಕೆಲಸ ಸಿಕ್ಕಿತು. ಕೂಲಿ ದಿನಕ್ಕೆ ಸರಾಸರಿ 3 ಡಾಲರ್. ಅಂದರೆ ಒಂದು ಷೇರು ಎರಡು ದಿನದ ಕೂಲಿಗೂ ಕಡಿಮೆ. ತಮ್ಮನ್ನು ಹೊರಗಟ್ಟಿದ್ದರೂ ಇವರು ಬಿಳಿಯರಿಗೂ ಕೆಲಸ ಕೊಟ್ಟರು. ಐದೇ ವರ್ಷದಲ್ಲಿ ಸಾಲ ತೀರಿತು. 1869ರಲ್ಲಿ ಕಪ್ಪು ಕಾರ್ಮಿಕರ ರಾಷ್ಟ್ರೀಯ ಸಂಘ ಹುಟ್ಟಿದಾಗ ಮೈಯರ್ಸ್ ಅದರ ಅಧ್ಯಕ್ಷನಾದ.

ಮುಂದೆ ಮರದ ಹಡಗಿನ ಜಾಗಕ್ಕೆ ಕಬ್ಬಿಣದ ಹಡಗು ಬಂತು. 1884ರಲ್ಲಿ ಕಂಪನಿ ಮುಚ್ಚಿತು. ಸೋತರು ಎನ್ನೋಣವೇ? ನನಗೆ ಹಾಗನ್ನಿಸುವುದಿಲ್ಲ. ಹದಿನೆಂಟು ವರ್ಷ ನೂರಾರು ಮನೆಗಳಲ್ಲಿ ಒಲೆ ಉರಿದದ್ದು ಆ ಐದೈದು ಡಾಲರುಗಳಿಂದ.