ನೋಟಿನ ಚೀಲ

ಕೊಲಂಬಿಯಾದ ಗಡಿ ಊರು ಕೂಕುಟಾದಲ್ಲಿ ಕೆಲ ವರ್ಷಗಳ ಹಿಂದೆ ವೆನೆಜುವೆಲಾದ ನೋಟುಗಳನ್ನೇ ಮಡಚಿ, ಹೆಣೆದು, ಕೈಚೀಲ ಮಾಡಿ ಮಾರುತ್ತಿದ್ದರು. ನೋಟಿಗಿಂತ ಚೀಲಕ್ಕೇ ಬೆಲೆ ಜಾಸ್ತಿ. ವೆನೆಜುವೆಲಾದಿಂದ ಗಡಿಯ ಸೇತುವೆ ದಾಟಿ ಬಂದ ಹೆಂಗಸರು ಅಲ್ಲೇ ಕೂದಲು ಕತ್ತರಿಸಿಕೊಟ್ಟು, ಬಂದ ದುಡ್ಡಲ್ಲಿ ಅಕ್ಕಿ, ಡೈಪರ್ ಕೊಳ್ಳುತ್ತಿದ್ದರು.

1970ರ ದಶಕದಲ್ಲಿ ಎಲ್ಲ ಉಲ್ಟಾ ಇತ್ತು. ಆಗ ಕೂಲಿ ಅರಸಿ ವೆನೆಜುವೆಲಾಕ್ಕೆ ಹೋಗುತ್ತಿದ್ದವರು ಕೊಲಂಬಿಯಾದವರು!

ಹಾಗಾದರೆ ವೆನೆಜುವೆಲಾ ಈ ಸ್ಥಿತಿಗೆ ಬಂದದ್ದು ಹೇಗೆ? 2014ರಲ್ಲಿ ತೈಲದ ಬೆಲೆ ಬಿತ್ತು, ಹೌದು. ಆಮೇಲೆ ಅಮೆರಿಕದ ನಿರ್ಬಂಧವೂ ಸೇರಿತು. ಆದರೆ ತೈಲ ಬೆಲೆ ಸೌದಿಗೂ ಬಿದ್ದಿತ್ತು. ಸೌದಿಯವರೇನೂ ಗಂಟುಮೂಟೆ ಕಟ್ಟಲಿಲ್ಲ. ವೆನೆಜುವೆಲಾದಲ್ಲಿ 2003ರಿಂದಲೇ ಡಾಲರಿನ ದರ ಸರ್ಕಾರದ ಕೈಯಲ್ಲಿತ್ತು. ಅಧಿಕಾರದಲ್ಲಿದ್ದವರ ಪರಿಚಯ ಇದ್ದವರು ಆಮದಿನ ಹೆಸರಲ್ಲಿ ಅಗ್ಗದ ಡಾಲರ್ ಪಡೆದು ಕಾಳಸಂತೆಯಲ್ಲಿ ಮಾರಿಕೊಂಡರು. ಬಿಲ್ಲು ಇತ್ತು, ಸಾಮಾನು ಬರಲಿಲ್ಲ. ಅಂಗಡಿ ಖಾಲಿಯಾಗಲು ಇನ್ನೇನು ಬೇಕು? ಜನ ಹೀಗೆ ದೇಶ ಬಿಟ್ಟದ್ದನ್ನು ಬರೀ ಬಡತನದ ವಲಸೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈವರೆಗೆ 70 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟಿದ್ದಾರೆ. ಹೋಗುವುದಕ್ಕೂ ಲಂಚ! ಪಾಸ್‌ಪೋರ್ಟಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು, ಇಲ್ಲವೇ ದಲ್ಲಾಳಿಗೆ ಡಾಲರ್ ಎಣಿಸಬೇಕಿತ್ತು. ಎರಡೂ ಆಗದವರು ಕಳ್ಳದಾರಿಯಲ್ಲಿ ಹೊಳೆ ದಾಟಿದರು. ಅಲ್ಲಿ ಬಂದೂಕು ಹಿಡಿದವರಿಗೆ ಸುಂಕ. ಕಡೆಗೆ ಕೊಲಂಬಿಯಾವೇ 2019ರಲ್ಲಿ ಅವಧಿ ಮುಗಿದ ಪಾಸ್‌ಪೋರ್ಟನ್ನೂ ಒಪ್ಪಿಕೊಂಡಿತು. 2021ರಲ್ಲಿ, 10 ವರ್ಷ ಇದ್ದು ದುಡಿಯಲು ಪರವಾನಗಿ ಕೊಡುವುದಾಗಿ ಘೋಷಿಸಿತು.